ನಕ್ಷತ್ರ ಹೊತ್ತ ಕರು



ನನ್ನ ತಂಗಿಯ ಮಗ ಸಂಸಾರಸಮೇತನಾಗಿ ಚೆಕ್ ದೇಶದ ಬ್ರನೋ ನಗರದಲ್ಲಿ ನೆಲೆಸಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಅವನ ಮಗಳು ಅಲ್ಲಿನ ಶಾಲೆಗೆ ಹೋಗುತ್ತಾಳೆ. ಭಾನುವಾರ ವಿಡಿಯೋ ಕರೆಯಲ್ಲಿ ಸಿಕ್ಕಾಗ ಆ ವಾರ ಕಲಿತದ್ದನ್ನು ನನಗೆ ಒಪ್ಪಿಸುವುದು ರೂಢಿ. ಮೇಷ್ಟರ ಮನೆತನದ ಶಾಪವೆನ್ನಿ, ವರವೆನ್ನಿ. ಕೆಲವು ತಿಂಗಳ ಹಿಂದೆ ಅವಳು ಚೆಕ್ ಭಾಷೆಯ ವಿಭಕ್ತಿಗಳನ್ನು ಒಪ್ಪಿಸಿದಳು: ಕುರ್ಜೆ, ಕುರ್ಜೆತೆ, ಕುರ್ಜೆತಿ. ಕುರ್ಜೆ ಎಂದರೆ ಕೋಳಿಮರಿ. ನಾವು 'ರಾಮನು, ರಾಮನನ್ನು, ರಾಮನಿಂದ' ಎಂದು ಉರುಹೊಡೆದಂತೆ, ಅಲ್ಲಿನ ಮಕ್ಕಳು ನಪುಂಸಕಲಿಂಗದ ಒಂದು ಮಾದರಿಯನ್ನು ಕೋಳಿಮರಿಯನ್ನು ಹಿಡಿದುಕೊಂಡು ಕಲಿಯುತ್ತಾರೆ. ಒಪ್ಪಿಸಿ ಮುಗಿಸಿ ಅವಳು ಕೇಳಿದಳು: "ಅಜ್ಜಾ, ಕುರ್ಜೆಯಲ್ಲಿ ತ ಇಲ್ಲವಲ್ಲ, ಕುರ್ಜೆತೆಯಲ್ಲಿ ತ ಎಲ್ಲಿಂದ ಬಂತು?"

'ಮರ' ಎಂಬುದು 'ಮರದಿಂದ' ಆಗುವಾಗ ನಡುವೆ ದಕಾರ ಬರುವುದಿಲ್ಲವೇ, ಹಾಗೆಯೇ ಇದೂ ಇರಬೇಕು ಎಂದು ಹೇಳಿ ಪಾರಾಗಲು ನೋಡಿದೆ. ಆದರೆ ಮೂವತ್ತು ವರ್ಷ ವ್ಯಾಕರಣವನ್ನೂ ಇತಿಹಾಸವನ್ನೂ ಪಾಠ ಹೇಳಿದವನಿಗೆ ಹಾಗೆ ತಪ್ಪಿಸಿಕೊಂಡರೆ ರಾತ್ರಿ ನಿದ್ರೆ ಬರುವುದಿಲ್ಲ. ಸೋದರಳಿಯನಿಗೆ ಹೇಳಿ ಕೆಲವು ಪುಸ್ತಕಗಳನ್ನು ತರಿಸಿಕೊಂಡೆ. ಓದುತ್ತ ಹೋದಂತೆ ಮೊಮ್ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದರ ಜೊತೆಗೆ, ಬಹಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿಗೆ ನಾನು ಕೊಡದೆ ಉಳಿಸಿಕೊಂಡಿದ್ದ ಉತ್ತರವೂ ನೆನಪಾಗಿ ಚುಚ್ಚತೊಡಗಿತು. ಮೊದಲು ಆ ಹಳೆಯ ಸಂಗತಿಯನ್ನು ಹೇಳಿಬಿಡುತ್ತೇನೆ.

1991ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ಹಲ್ಮಿಡಿ ಶಾಸನದ ಪಾಠ. ಸುಮಾರು ಕ್ರಿ.ಶ. 450ರ ಈ ಶಾಸನದಿಂದ ಕನ್ನಡದ ಲಿಖಿತ ಇತಿಹಾಸ ಮೊದಲಾಗುತ್ತದೆ ಎಂದು ಉತ್ಸಾಹದಿಂದ ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿದ್ದ, ಹೆಚ್ಚು ಮಾತನಾಡದ ಹುಡುಗನೊಬ್ಬ ಎದ್ದುನಿಂತು, "ಸಾರ್, ಅದಕ್ಕೂ ಮುಂಚೆ ನಮ್ಮೋರು ಕರೂಗೆ ಏನಂತಿದ್ರು?" ಎಂದ. ಅವನ ಮನೆಯಲ್ಲಿ ಆ ವಾರ ಹಸು ಕರು ಹಾಕಿತ್ತಂತೆ. ನಾನು ಗದರಿಸಿ, "ಬರೆದಿಟ್ಟದ್ದು ಇತಿಹಾಸ, ಉಳಿದದ್ದು ಊಹೆ. ಕೂತ್ಕೋ" ಎಂದೆ. ತರಗತಿ ನಕ್ಕಿತು. ಆ ವರ್ಷವಿಡೀ ಆತ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನಾನು ಹೇಳಿದ್ದು ತಪ್ಪು. ಎಷ್ಟು ತಪ್ಪು ಎಂಬುದನ್ನು ಯೂರೋಪಿನ ಆ ಕರುಗಳೇ ನನಗೆ ತೋರಿಸಿಕೊಟ್ಟವು.

ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಮೊದಲಾದವೆಲ್ಲ ಸ್ಲಾವ್ ಭಾಷೆಗಳು, ಒಂದೇ ತಾಯಿಯ ಮಕ್ಕಳು. ಆ ತಾಯಿನುಡಿಯನ್ನು ವಿದ್ವಾಂಸರು ಮೂಲ ಸ್ಲಾವ್ ಎನ್ನುತ್ತಾರೆ. ಅದರಲ್ಲಿ ಬರೆದ ಒಂದೇ ಒಂದು ಸಾಲೂ ಇಲ್ಲ. ಅದನ್ನಾಡುತ್ತಿದ್ದ ಜನರ ಬಗ್ಗೆ ಹೊರಗಿನವರು ಬರೆದದ್ದಿದೆ. ಆರನೆಯ ಶತಮಾನದ ಬೈಜಾಂಟಿಯಂ ಇತಿಹಾಸಕಾರ ಪ್ರೊಕೋಪಿಯಸ್, ಇವರು ದೂರದೂರವಾಗಿ ಕಟ್ಟಿಕೊಂಡ ಬಡ ಗುಡಿಸಲುಗಳಲ್ಲಿ ಇರುತ್ತಾರೆ, ಸಿಡಿಲಿನ ದೇವರಿಗೆ ದನಗಳನ್ನು ಬಲಿ ಕೊಡುತ್ತಾರೆ ಎಂದು ದಾಖಲಿಸಿದ್ದಾನೆ. ಸುಮಾರು ಕ್ರಿ.ಶ. 600ರ 'ಸ್ಟ್ರಾಟೆಗಿಕಾನ್' ಎಂಬ ಯುದ್ಧಶಾಸ್ತ್ರದ ಕೈಪಿಡಿ, ಇವರಲ್ಲಿ ಜಾನುವಾರು ಹೇರಳ, ಸಿರಿಧಾನ್ಯದ ರಾಶಿ ಹೇರಳ ಎನ್ನುತ್ತದೆ. ಆದರೆ ಆ ಗುಡಿಸಲಿನವರು ಕರುವನ್ನು ಏನೆಂದು ಕರೆದರೆಂದು ಕಾನ್‌ಸ್ಟಾಂಟಿನೋಪಲಿನ ಯಾವ ಪಂಡಿತನೂ ಬರೆದಿಡಲಿಲ್ಲ. ಸ್ಲಾವರ ಮಾತು ಗ್ರಂಥಭಾಷೆಯಾದದ್ದು ಕ್ರಿ.ಶ. 863ರ ಸುಮಾರಿಗೆ, ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಮೊರಾವಿಯಾಕ್ಕೆ ಹೋದಾಗ. ಕಾಕತಾಳೀಯವೆಂದರೆ, ನನ್ನ ಮೊಮ್ಮಗಳ ಬ್ರನೋ ಇರುವುದು ಅದೇ ಮೊರಾವಿಯಾದಲ್ಲಿ.

ಹಾಗಿದ್ದರೆ ಅದಕ್ಕಿಂತ ಹಿಂದಿನ ಶಬ್ದ ಸಿಗುವುದು ಹೇಗೆ? ತಮಿಳರು ಪಾಲ್ ಎನ್ನುವಲ್ಲಿ ನಾವು ಹಾಲು ಎನ್ನುತ್ತೇವೆ, ಅವರು ಪುಲಿ ಎನ್ನುವಲ್ಲಿ ನಾವು ಹುಲಿ ಎನ್ನುತ್ತೇವೆ. ಒಂದೆರಡು ಕಡೆ ಹೀಗಾದರೆ ಆಕಸ್ಮಿಕ ಎನ್ನಬಹುದು. ನೂರಾರು ಶಬ್ದಗಳಲ್ಲಿ ಆದರೆ ಅದು ನಿಯಮ. ನಿಯಮ ಗೊತ್ತಾದರೆ ಹಿಂದಕ್ಕೆ ನಡೆಯಬಹುದು. ಹಾಗೆ ನಡೆದು ತಲುಪಿದ, ಆದರೆ ಯಾವ ದಾಖಲೆಯಲ್ಲೂ ಕಾಣದ ಶಬ್ದದ ಮುಂದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ಆಗಸ್ಟ್ ಶ್ಲೈಖರ್ ರೂಢಿಗೆ ತಂದ ಪದ್ಧತಿಯಿದು. 'ಇದನ್ನು ನಾವು ಕಂಡಿಲ್ಲ, ಲೆಕ್ಕ ಹಾಕಿ ಪಡೆದಿದ್ದೇವೆ' ಎಂಬ ಪ್ರಾಮಾಣಿಕ ಒಪ್ಪಿಗೆಯೇ ಆ ನಕ್ಷತ್ರ.

ಈಗ ಕರುವನ್ನು ನೋಡೋಣ. ಚೆಕ್ಕಿನಲ್ಲಿ ಕರು 'ತೆಲೆ', ಕರುವಿನ ಎನ್ನಲು 'ತೆಲೆತೆ'. ಉಕ್ರೇನಿಯನ್ನಿನಲ್ಲಿ 'ತೆಲ್ಯಾ', ಬಹುವಚನ 'ತೆಲ್ಯಾತಾ'. ಸರ್ಬಿಯನ್ನಿನಲ್ಲಿ 'ತೆಲೆ', ಕರುವಿನ ಎನ್ನಲು 'ತೆಲೆತಾ'. ಪೋಲಿಷ್ ಬಹುವಚನ 'ಚೆಲೆಂತಾ'. ಈ ಭಾಷೆ ಮಾತ್ರ ನಡುವಿನ ಅನುನಾಸಿಕವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಸಿರಿಲ್ ಸೋದರರ ಪರಂಪರೆಯ ಹಳೆಯ ಬರವಣಿಗೆಯಲ್ಲಂತೂ ಮೂಗಿನಿಂದ ನುಡಿಯುವ ಈ ಎಕಾರಕ್ಕೆ ಪ್ರತ್ಯೇಕ ಅಕ್ಷರವೇ ಇತ್ತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟರೆ ಮೂಲ ರೂಪ *ತೆಲೆಂ, ಉಳಿದ ವಿಭಕ್ತಿಗಳಲ್ಲಿ *ತೆಲೆಂತ್- ಎಂದು ತಿಳಿಯುತ್ತದೆ. (ಕೊನೆಯ ಸೊನ್ನೆಯನ್ನು ಮೂಗಿನಲ್ಲಿ ಮಾತ್ರ ನುಡಿಯಬೇಕು, ತುಟಿ ಮುಚ್ಚಬಾರದು.)

ಇಲ್ಲಿಯೇ ಮೊಮ್ಮಗಳ ತಕಾರದ ಗುಟ್ಟಿರುವುದು. ಅದು ಎಲ್ಲಿಂದಲೋ ಬಂದದ್ದಲ್ಲ. ಮೊದಲೇ ಇದ್ದು, ಒಂದು ಕಡೆಯಿಂದ ಹೊರಟುಹೋದದ್ದು. ಮೂಲ ಸ್ಲಾವ್ ಭಾಷೆ ಒಂದು ಘಟ್ಟದಲ್ಲಿ ಪದದ ಕೊನೆಯ ವ್ಯಂಜನಗಳನ್ನೆಲ್ಲ ಉದುರಿಸಿಬಿಟ್ಟಿತು. ಹಳಗನ್ನಡದ ಕಲ್, ಪಾಲ್ ಎಂಬ ವ್ಯಂಜನಾಂತ ಪದಗಳು ನಮಗೂ ಭಾರವೆನಿಸಿದವು. ನಾವು ಉಕಾರ ಸೇರಿಸಿ ಕಲ್ಲು, ಹಾಲು ಮಾಡಿಕೊಂಡೆವು. ಅವರು ವ್ಯಂಜನವನ್ನೇ ಕಳಚಿದರು. ಪ್ರಥಮಾ ವಿಭಕ್ತಿಯಲ್ಲಿ ತಕಾರ ಕೊನೆಯಲ್ಲಿದ್ದುದರಿಂದ ಬಿದ್ದುಹೋಯಿತು. ಮುಂದೆ ಪ್ರತ್ಯಯದ ಸ್ವರವಿದ್ದ ಕಡೆಗಳಲ್ಲಿ ಬದುಕಿತು. ಅಂದರೆ ನಾನು ಮೊದಲು ಕೊಟ್ಟ 'ಮರದಿಂದ' ಉದಾಹರಣೆ ತಲೆಕೆಳಗು. ಮುಂದಿನ ಭಾನುವಾರವೇ ಅವಳಿಗೆ ತಪ್ಪೊಪ್ಪಿಕೊಂಡೆ. ಇಷ್ಟು ಸುಲಭವಾಗಿ 1991ರಲ್ಲೂ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು.

ಕರು ಮಾತ್ರವಲ್ಲ, ಕೊಟ್ಟಿಗೆಯ ಮರಿಗಳೆಲ್ಲವೂ ಇದೇ ಅಚ್ಚಿನವು. ಕುರಿಮರಿ *ಅಗ್ನೆಂ, ಹಂದಿಮರಿ *ಪೊರ್ಸೆಂ, ಕುದುರೆಮರಿ *ಝೆರ್ಬೆಂ, ಆಡಿನ ಮರಿ *ಕೊಜಿಲೆಂ. ನಾವು ತಾಯಿಯ ಹೆಸರಿಗೆ 'ಮರಿ' ಎಂಬ ಸ್ವತಂತ್ರ ಪದ ಜೋಡಿಸುವ ಕೆಲಸವನ್ನು ಅವರಲ್ಲಿ ಈ ಪ್ರತ್ಯಯವೇ ಮಾಡುತ್ತಿತ್ತು.

ಇವುಗಳಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ಹಂದಿಮರಿ. ರಷ್ಯನ್ನಿನಲ್ಲಿ ಹಂದಿಮರಿಗಳು 'ಪೊರೊಸ್ಯಾತಾ', ಪೋಲಿಷಿನಲ್ಲಿ 'ಪ್ರೊಶೆಂತಾ', ಚೆಕ್ ಮತ್ತು ಸರ್ಬಿಯನ್ನಿನಲ್ಲಿ ಏಕವಚನ 'ಪ್ರಸೆ' (ಚೆಕ್ಕರಲ್ಲಿ ಮರಿ ಬೆಳೆದು, ಆ ಪದಕ್ಕೆ ಹಂದಿಯೆಂದೇ ಅರ್ಥವಾಗಿದೆ). ಪೊರೊ, ಪ್ರೊ, ಪ್ರ. ಈ ಮೂರು ದಾರಿ ನಿಮಗೂ ಪರಿಚಿತವೇ. ಕೋಟೆ ಅಥವಾ ಊರು ಎಂಬರ್ಥದ ಪದ ರಷ್ಯಾದ ನೊವ್ಗೊರೊದ್ ನಗರದ ಹೆಸರಿನಲ್ಲಿ 'ಗೊರೊದ್' ಆಗಿದೆ, ಸರ್ಬಿಯಾದ ಬೆಲ್‌ಗ್ರೇಡಿನಲ್ಲಿ 'ಗ್ರಾದ್' ಆಗಿದೆ. ಮೂಲದಲ್ಲಿ *ಗೊರ್ದ್- ಎಂದಿದ್ದದ್ದು, *ಪೊರ್ಸೆಂ ನಡೆದ ದಾರಿಗಳಲ್ಲೇ ನಡೆದಿದೆ.

ಈ ಬದಲಾವಣೆ ಯಾವಾಗ ನಡೆಯಿತು? ಬರವಣಿಗೆ ಇಲ್ಲದ ಭಾಷೆಯಲ್ಲಿ ತಾರೀಖು ಹಚ್ಚುವುದು ಹೇಗೆ? ಇದಕ್ಕೆ ಸಾಕ್ಷಿ ಹೇಳಲು ಬರುವವನು ಫ್ರಾಂಕರ ಚಕ್ರವರ್ತಿ ಕಾರ್ಲ್, ನಾವು ಪಾಠದಲ್ಲಿ ಶಾರ್ಲ್‌ಮೇನ್ ಎಂದು ಓದಿದವನು, ಕ್ರಿ.ಶ. 814ರಲ್ಲಿ ತೀರಿಕೊಂಡವನು. ನೆರೆಯ ಸ್ಲಾವರಿಗೆ ಇವನ ಪ್ರತಾಪ ಹೇಗೆ ತಟ್ಟಿತೆಂದರೆ, ಅವನ ಹೆಸರೇ ಅವರ ಮಾತಿನಲ್ಲಿ 'ರಾಜ' ಎಂಬರ್ಥದ ಪದವಾಯಿತು. ಆ ಪದ ಇಂದು ರಷ್ಯನ್ನಿನಲ್ಲಿ 'ಕೊರೊಲ್', ಪೋಲಿಷಿನಲ್ಲಿ 'ಕ್ರುಲ್', ಚೆಕ್ಕಿನಲ್ಲಿ 'ಕ್ರಾಲ್'. ಚಕ್ರವರ್ತಿಯ ಹೆಸರು ಹಂದಿಮರಿಯ ಹಿಂದೆಯೇ ಅದೇ ಮೂರು ಕವಲುಗಳಲ್ಲಿ ಸಾಗಿದೆ! ಅಂದರೆ ಅವನ ಹೆಸರು ಸ್ಲಾವರ ಬಾಯಿಗೆ ಬಿದ್ದಾಗ, ಕ್ರಿ.ಶ. 800ರ ಆಸುಪಾಸಿನಲ್ಲಿ, ಈ ಬದಲಾವಣೆ ಇನ್ನೂ ಮುಗಿದಿರಲಿಲ್ಲ. ಶಾಸನವಿಲ್ಲದ ಕಡೆ ಹೀಗೆಯೂ ಕಾಲನಿರ್ಣಯ ಮಾಡಬಹುದೆಂದು ನನಗೆ ಸೇವೆಯಲ್ಲಿದ್ದಷ್ಟು ದಿನ ಗೊತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ನಂಟರ ಮನೆಗಳು ಸಿಗುತ್ತವೆ. *ಪೊರ್ಸೆಂ ಲ್ಯಾಟಿನ್ನಿನ 'ಪೊರ್ಕುಸ್', ಲಿಥುವೇನಿಯನ್ನಿನ 'ಪರ್ಶಸ್' ಪದಗಳ ಸಂಬಂಧಿ. ಈ ಬಳಗಕ್ಕೇ ಸೇರದ ಫಿನ್ನಿಷ್ ಭಾಷೆ ಬಹು ಹಿಂದೆಯೇ ಹಂದಿಮರಿಯ ಹೆಸರನ್ನು ನೆರೆಯವರಿಂದ ಕಡ ಪಡೆದು 'ಪೊರ್ಸಸ್' ಎಂದು ಇಟ್ಟುಕೊಂಡಿದೆ. *ಅಗ್ನೆಂ ಲ್ಯಾಟಿನ್ನಿನ 'ಅಗ್ನುಸ್'ಗೆ ಒಡಹುಟ್ಟು. ನಮ್ಮ ಅಗ್ನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ದಯವಿಟ್ಟು ಯಾರೂ ವಾಟ್ಸಾಪಿನಲ್ಲಿ ಹಾಗೆ ಹರಡಬೇಡಿ. *ಝೆರ್ಬೆಂ ಗ್ರೀಕಿನ 'ಬ್ರೆಫೊಸ್' (ಗರ್ಭದ ಶಿಶು, ಎಳೆಗೂಸು) ಪದದ ಜೊತೆ ನಿಲ್ಲುತ್ತದೆ. ಸಂಸ್ಕೃತದ 'ಗರ್ಭ'ವನ್ನೂ ಇವುಗಳ ಪಕ್ಕದಲ್ಲಿ ಇಟ್ಟ ನಿಘಂಟುಕಾರರಿದ್ದಾರೆ. ಅದನ್ನು ಒಪ್ಪದೆ ಗರ್ಭವನ್ನು ಗ್ರೀಕಿನ ಬೇರೊಂದು ಪದಕ್ಕೆ ಸೇರಿಸುವವರೂ ಇದ್ದಾರೆ. ನಾನು ಈ ಎರಡನೆಯವರ ಕಡೆಗೆ ವಾಲುತ್ತೇನೆ. ಕಿವಿಗೆ ಹಿತವಾದ ಮಾತ್ರಕ್ಕೆ ನೆಂಟಸ್ತನ ಒಪ್ಪಬಾರದು.

ಸಂಸ್ಕೃತದೊಡನೆ ನಿಜವಾದ ನಂಟು ಬೇಕಾದವರಿಗೆ ಬೇರೊಂದು ಪದವಿದೆ. ಮರಿಗಳ ಇದೇ ಸಾಲಿನಲ್ಲಿ, ಇದೇ ಪ್ರತ್ಯಯ ಹೊತ್ತು, ಮನುಷ್ಯರ ಮಗುವೂ ನಿಂತಿದೆ. ಮಗುವಿಗೆ ಮೂಲ ಸ್ಲಾವ್ ಪದ *ದೆತೆಂ; ಇಂದಿನ ಚೆಕ್ಕಿನಲ್ಲಿ 'ದೀತ್ಯೆ', ರಷ್ಯನ್ನಿನಲ್ಲಿ 'ದಿತ್ಯಾ'. ಇದರ ಧಾತುವಿಗೆ 'ಮೊಲೆಯುಣ್ಣು' ಎಂದು ಅರ್ಥ. ಸಂಸ್ಕೃತದ 'ಧೇನು' ಹುಟ್ಟಿದ್ದೂ ಅದೇ ಧಾತುವಿನಿಂದ. ಅಲ್ಲಿ ಹಾಲು ಕುಡಿಯುವ ಕೂಸಿಗೆ ಹೆಸರಾಯಿತು, ಇಲ್ಲಿ ಹಾಲು ಕೊಡುವ ಹಸುವಿಗೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಜಗುಲಿಯಲ್ಲಿ ಕುಳಿತಿದ್ದೆ.

ಕರುವೂ ಕೂಸೂ ಅವರ ವ್ಯಾಕರಣದಲ್ಲಿ ಒಂದೇ ಗುಂಪು, ಎರಡೂ ನಪುಂಸಕಲಿಂಗ. ನಮಗೇನೂ ಇದು ವಿಚಿತ್ರವಲ್ಲ. 'ಮಗು ಅಳುತ್ತಿದೆ' ಎನ್ನುತ್ತೇವೆಯೇ ಹೊರತು ಅಳುತ್ತಿದ್ದಾನೆ, ಅಳುತ್ತಿದ್ದಾಳೆ ಎನ್ನುವುದಿಲ್ಲ. ಆಡುವ ವಯಸ್ಸಿಗೆ ಬಂದಮೇಲೆ ತಾನೇ ಅವನು, ಅವಳು.

ಈ ಪುಟ್ಟ ಪ್ರತ್ಯಯ ಮುಂದೆ ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಿಕೊಂಡು ಕೂರಲಿಲ್ಲ. ಸ್ಲಾವರು ಬಹು ಹಿಂದೆ ಜರ್ಮಾನಿಕ್ ಜನರಿಂದ ಅರಸನೆಂಬ ಪದವನ್ನು ಪಡೆದಿದ್ದರು. ಅದಕ್ಕೆ ಮರಿಯ ಪ್ರತ್ಯಯ ಹಚ್ಚಿ ಅರಸನ ಮಗ, ಎಳೆಯರಸ ಎಂಬ ಪದವಾಯಿತು. ಕಾಲಕ್ರಮದಲ್ಲಿ ಎಳೆಯರಸನೇ ದೊಡ್ಡವನಾದ. ಪೋಲಿಷಿನಲ್ಲಿ ರಾಜಕುಮಾರ, ಡ್ಯೂಕ್ ಎಂಬುದಕ್ಕೆ 'ಕ್ಷೊಂಝೆ', ಬಹುವಚನ 'ಕ್ಷೊಂಝೆಂತಾ'. ಚೆಕ್ಕಿನಲ್ಲಿ 'ಕ್ನೀಝೆ', 'ಕ್ನೀಝೆತೆ'. ಪ್ರಾಗ್ ನಗರದಿಂದ ಆಳಿದ ಗಂಭೀರ ಪ್ರಭುಗಳೆಲ್ಲ ವ್ಯಾಕರಣದ ಮಟ್ಟಿಗೆ ಕೋಳಿಮರಿಯ ಸಾಲಿನವರು! ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಇಪ್ಪತ್ತನೆಯ ಶತಮಾನದ ಕಥೆ ಇನ್ನೂ ಸೊಗಸು. ಸೋವಿಯತ್ ಒಕ್ಕೂಟದಲ್ಲಿ 1923-24ರಲ್ಲಿ ಎಳೆಯ ಶಾಲಾಮಕ್ಕಳ ಸಂಘವನ್ನು ಕಟ್ಟಿದಾಗ, ಅಕ್ಟೋಬರ್ ಕ್ರಾಂತಿಯ ಹೆಸರಿಗೆ ಇದೇ ಪ್ರತ್ಯಯ ಸೇರಿಸಿ 'ಅಕ್ತ್ಯಬ್ರ್ಯಾತಾ' ಎಂದು ಕರೆದರು. ಅಕ್ಟೋಬರಿನ ಮರಿಗಳು! ಇಂದಿನ ರಷ್ಯನ್ನಿನಲ್ಲಿ ಏಕವಚನದ ಹಳೆಯ ರೂಪ ಮರೆಯಾಗಿ ಕರು 'ತೆಲ್ಯೋನೊಕ್' ಆಗಿದೆ. ಬಹುವಚನಕ್ಕೆ ಬಂದೊಡನೆ 'ತೆಲ್ಯಾತಾ' ಎಂದು ಹಳೆಯ ತಕಾರ ಎದ್ದು ಬರುತ್ತದೆ. ಮಾಸ್ಕೋದ ಮಕ್ಕಳಿಗೆ ತಾವು ಪ್ರೊಕೋಪಿಯಸ್ ಕಾಲದ ಗುಡಿಸಲಿನ ಅಕ್ಷರವೊಂದನ್ನು ನುಡಿಯುತ್ತಿದ್ದೇವೆಂಬ ಅರಿವು ಇರಲಾರದು.

ನಕ್ಷತ್ರದ ಶಬ್ದಗಳನ್ನು ನಂಬಬಹುದೇ? ಇದು ನನ್ನೊಳಗಿನ ಹಳೆಯ ಇತಿಹಾಸ ಮೇಷ್ಟರ ಪ್ರಶ್ನೆ. ಪ್ರಮಾಣಕ್ಕಾಗಿ ನಾನು ಹುಡುಕಿಕೊಂಡು ಹೋದದ್ದು ಕೀವ್ ರಾಜ್ಯದ 'ರುಸ್ಕಯಾ ಪ್ರಾವ್ದಾ' ಎಂಬ ಕಾನೂನು ಸಂಹಿತೆಗೆ. ಯಾರೊಸ್ಲಾವ್ ದೊರೆ 1054ರಲ್ಲಿ ತೀರಿಕೊಂಡ ಮೇಲೆ ಅವನ ಮಕ್ಕಳ ಕಾಲದಲ್ಲಿ ಸೇರಿದ ಭಾಗವೊಂದು ಅದರಲ್ಲಿದೆ. ನಮಗೆ ಉಳಿದು ಬಂದಿರುವುದು ಹದಿನೈದನೆಯ ಶತಮಾನದ ಪ್ರತಿಗಳು. ಯಾರದಾದರೂ ಜಾನುವಾರು ಹೋದರೆ ಎಷ್ಟು ತೆರಬೇಕೆಂಬ ಪಟ್ಟಿ ಅಲ್ಲಿ ಬರುತ್ತದೆ. ಆಗಿನ ಒಂದು ಗ್ರಿವ್ನಾಕ್ಕೆ 50 ರೆಜಾನಾ. ಎತ್ತಿಗೆ ಒಂದು ಗ್ರಿವ್ನಾ, ಹಸುವಿಗೆ 40 ರೆಜಾನಾ, ಮೂರನೆಯ ವರ್ಷದ ಪಡ್ಡೆಗೆ 15 ಕುನಾ (ಲೆಕ್ಕ ಹಾಕಿದರೆ 30 ರೆಜಾನಾ), ಹೋದ ವರ್ಷ ಹುಟ್ಟಿದ್ದಕ್ಕೆ ಅರ್ಧ ಗ್ರಿವ್ನಾ. ಕೊನೆಗೆ ಆ ವರ್ಷದ ಕರುವಿಗೆ 5 ರೆಜಾನಾ. ಅಲ್ಲಿ ಕರುವಿಗೆ ಬರೆದಿರುವ ಪದ 'ತೆಲ್ಯಾ'. ಪಂಡಿತರ ಸೂತ್ರ ಹಾಕಿ *ತೆಲೆಂನಿಂದ ಇಳಿದು ಬಂದರೆ ಪೂರ್ವ ಸ್ಲಾವ್ ಸೀಮೆಯಲ್ಲಿ ಯಾವ ರೂಪ ಸಿಗಬೇಕೋ ಅದೇ.

ಆ ಬೆಲೆಪಟ್ಟಿಯನ್ನು ಮತ್ತೆ ಮತ್ತೆ ಓದಿದ್ದೇನೆ. ಹಸುವಿಗೆ 40, ಕರುವಿಗೆ 5. ಒಂದು ವರ್ಷ ದಾಟಿದರೆ ಅದೇ ಜೀವಕ್ಕೆ 25. ಮೊದಲ ಚಳಿಗಾಲ ದಾಟಿ ಉಳಿದರೆ ತಾನೇ ಅದು ಸೊತ್ತು. ಅಲ್ಲಿಯವರೆಗೆ ಬರಿಯ ಭರವಸೆ. ದನ ಸಾಕಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಯಸ್ಸು ವಯಸ್ಸಿಗೂ ಬೇರೆ ಬೇರೆ ಹೆಸರು ಬೇಕಾದದ್ದು ಕವಿಗಳಿಗಲ್ಲ, ಹೀಗೆ ಲೆಕ್ಕ ಇಡುವವರಿಗೆ. ನಮ್ಮಲ್ಲೂ ಕರು, ಕಡಸು, ಮಣಕ ಎಂದು ಹೇಳುತ್ತಿದ್ದರು. ನನ್ನ ಮಕ್ಕಳಿಗೆ ಕೊನೆಯ ಎರಡು ಗೊತ್ತಿಲ್ಲ.

ಈ ವಿದ್ಯೆಗೆ ಬಾಳು ತೆತ್ತವರಲ್ಲಿ ಇಬ್ಬರನ್ನಾದರೂ ನೆನೆಯಬೇಕು. ಮ್ಯಾಕ್ಸ್ ಫಾಸ್ಮರ್ (1886-1962) ರಷ್ಯನ್ ಪದಗಳ ವ್ಯುತ್ಪತ್ತಿ ನಿಘಂಟಿಗಾಗಿ ವರ್ಷಗಟ್ಟಲೆ ಚೀಟಿಗಳಲ್ಲಿ ಸಂಗ್ರಹಿಸಿದ್ದೆಲ್ಲವೂ, ಅವರ ಗ್ರಂಥಭಂಡಾರವೂ 1944ರಲ್ಲಿ ಬರ್ಲಿನ್ ಮೇಲೆ ಬಿದ್ದ ಬಾಂಬಿಗೆ ನಾಶವಾದವು. ಮತ್ತೆ ಮೊದಲಿನಿಂದ ಕೂಡಿಹಾಕಿ 1950ರಿಂದ 1958ರೊಳಗೆ ಮೂರು ಸಂಪುಟ ಪ್ರಕಟಿಸಿದರು. ಅದನ್ನು ರಷ್ಯನ್ನಿಗೆ ಅನುವಾದಿಸಿದ ಒಲೆಗ್ ತ್ರುಬಚೋವ್ (1930-2002) ತಮ್ಮ ಮೂವತ್ತನೆಯ ವಯಸ್ಸಿಗೇ, 1960ರಲ್ಲಿ, ಸ್ಲಾವ್ ಭಾಷೆಗಳ ಸಾಕುಪ್ರಾಣಿಗಳ ಹೆಸರುಗಳ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದರು. ಹಂದಿ, ಕುರಿ, ಕರುಗಳ ಬಗ್ಗೆ ಇಷ್ಟು ಗಂಭೀರವಾಗಿ ಯೋಚಿಸಿದವರಿದ್ದಾರೆಂದು ತಿಳಿದಾಗ ನನಗೆ ಆ ಹಿಂದಿನ ಬೆಂಚು ಕಣ್ಣಿಗೆ ಕಟ್ಟಿತು.

ಏಕೆಂದರೆ ಅವನ ಪ್ರಶ್ನೆಗೆ ನಮ್ಮಲ್ಲೂ ಆಗಲೇ ಉತ್ತರವಿತ್ತು. ಬರೋ ಮತ್ತು ಎಮೆನೋ ಸೇರಿ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಮೊದಲು ಅಚ್ಚಾದದ್ದು 1961ರಲ್ಲಿ, ಪರಿಷ್ಕೃತವಾಗಿ ಬಂದದ್ದು 1984ರಲ್ಲಿ. ನಾನು ಅವನನ್ನು ಗದರಿಸುವುದಕ್ಕೆ ಏಳು ವರ್ಷ ಮೊದಲು. ತಮಿಳಿನ 'ಕನ್ಱು', ಹಳಗನ್ನಡದಲ್ಲಿ ಶಕಟರೇಫದೊಡನೆ ಬರೆಯುತ್ತಿದ್ದ 'ಕಱು', ನಾವು ಮುದ್ದಿನಿಂದ ಮಗುವನ್ನು ಕರೆಯುವ 'ಕಂದ' ಇವೆಲ್ಲ ಅಲ್ಲಿ ಒಂದೇ ಮನೆಯಲ್ಲಿವೆ. ನಮ್ಮಲ್ಲೂ ಕರುವೂ ಕಂದನೂ ಒಂದೇ ಬೇರಿನವು. ಹಲ್ಮಿಡಿಗೂ ಬಹಳ ಹಿಂದೆ, ತಮಿಳು ಕನ್ನಡಗಳು ಇನ್ನೂ ಬೇರೆಯಾಗದಿದ್ದ ಕಾಲದ ಆ ಪದವನ್ನು ಕಪ್ಪುಹಲಗೆಯ ಮೇಲೆ *ಕನ್ಱು ಎಂಬಂತೆ ಬರೆದು, ಮುಂದೆ ಒಂದು ನಕ್ಷತ್ರ ಹಾಕಿ, ಅದರ ಅರ್ಥವನ್ನು ಹೇಳಿದ್ದರೆ ಆ ದಿನದ ಪಾಠ ಪೂರ್ತಿಯಾಗುತ್ತಿತ್ತು. ಐದು ನಿಮಿಷದ ಕೆಲಸ.

1991ರ ಆ ಒಂಬತ್ತನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಿಟಕಿಯ ಪಕ್ಕದ ಕೊನೆಯ ಬೆಂಚಿನವನಿಗೆ ಇದನ್ನು ತಲುಪಿಸಿ. ಆ ಕರುವಿಗೆ ಅವರ ಮನೆಯಲ್ಲಿ ಏನು ಹೆಸರಿಟ್ಟಿದ್ದರೆಂದೂ ಕೇಳಿ ನನಗೆ ಬರೆಯಿರಿ.